ಅನುಮೋದಿಸಿದವರು: ನಾರಾಯಣನ್

ಮೂವತ್ತು ವರ್ಷಗಳಲ್ಲಿ ನನ್ನ ಬಲಗೈ ಎಷ್ಟು ಗೊತ್ತುವಳಿಗಳನ್ನು ಅನುಮೋದಿಸಿತೋ ನನಗೇ ಗೊತ್ತಿಲ್ಲ. ಸತ್ತವರಿಗೆ ಸಂತಾಪ, ಬದುಕಿದ್ದವರಿಗೆ ಅಭಿನಂದನೆ, ಹೊಸ ಫ್ಯಾನಿನ ಖರೀದಿ, ಹಳೆಯ ಫ್ಯಾನಿನ ವಿಲೇವಾರಿ. ಯಾವುದಕ್ಕೂ ಅದು ಒಲ್ಲೆ ಎನ್ನಲಿಲ್ಲ. ಒಂದೇ ಒಂದು ಗೊತ್ತುವಳಿಗೆ ಮಾತ್ರ ಮೇಲೇಳಲಿಲ್ಲ. ಅದನ್ನು ಮಂಡಿಸಿದವಳು ನನ್ನ ಒಡಹುಟ್ಟಿದ ತಂಗಿ ಸುಮತಿ.

ಕಾಸರಗೋಡು, ಮಂಗಳೂರು ಕಡೆಯಿಂದ ಪರೀಕ್ಷೆ ಬರೆದು ಎರ್ನಾಕುಲಂನ ಕಚೇರಿಗಳಿಗೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ, ನಿಮ್ಮ ಅನುಭವ ಬರೆದುಕೊಡಿ ಎಂದು ಇಲ್ಲಿಯ ಕನ್ನಡದವರು ಕೇಳಿದ್ದಾರೆ. ನಾನು ಓದಿದವನಲ್ಲ. ಹತ್ತನೇ ತರಗತಿಯನ್ನು ಎರಡು ಸಲ ಬರೆದು ಎರಡು ಸಲವೂ ಗಣಿತಕ್ಕೆ ಬಲಿಯಾದವನು. ಕಚೇರಿಯಲ್ಲಿ ಅಟೆಂಡರ್ ಆಗಿ ಸೇರಿದೆ. ನಮ್ಮ ನೌಕರರ ಸಹಕಾರ ಸಂಘಕ್ಕೆ ಸಭೆಗಳನ್ನು ನೋಡಿಕೊಳ್ಳಲು ಒಬ್ಬ ಬೇಕಿತ್ತು, ನನ್ನನ್ನು ಅಲ್ಲಿಗೆ ಹಾಕಿದರು. ನನಗೆ ಬರುವ ಇಂಗ್ಲಿಷು ಅಷ್ಟೂ ಸಭೆಯದು. ಮೂವ್ಡ್, ಸೆಕೆಂಡೆಡ್, ಕ್ಯಾರೀಡ್, ಎಂದರೆ ಮಂಡಿಸಿದ್ದು, ಅನುಮೋದಿಸಿದ್ದು, ಅಂಗೀಕಾರವಾದದ್ದು. ಇಷ್ಟರಲ್ಲೇ ಒಬ್ಬ ಮನುಷ್ಯ ನಿವೃತ್ತಿಯವರೆಗೆ ಬದುಕಬಹುದು ಎಂಬುದು ಹೊಸಬರಿಗೆ ನಾನು ಕೊಡುವ ಮೊದಲ ಧೈರ್ಯ.

ಮೊದಲ ದಿನವೇ ಸಂಘದ ಸೆಕ್ರೆಟರಿ ತಂಗಚ್ಚನ್ ಸಾರ್ ನನ್ನ ಕೈಗೆ ಒಂದು ದಪ್ಪ ಪುಸ್ತಕ ಕೊಟ್ಟರು. ಅದು ನಡವಳಿ ಪುಸ್ತಕ, ಸಭೆಯ ಮಿನಿಟ್ಸ್ ಬುಕ್ಕು. ತೆರೆದು ನೋಡಿದರೆ ಮರುದಿನ ನಡೆಯಬೇಕಾದ ಸಭೆಯಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ಚೆಂದದ ಅಕ್ಷರದಲ್ಲಿ ಬರೆದಾಗಿತ್ತು.

“ಸಾರೇ, ಸಭೆ ನಾಳೆಯಲ್ಲವಾ?” ಎಂದೆ.

“ಅದಕ್ಕೇ ಇವತ್ತು ಬರೆದದ್ದು. ನಾಳೆ ಸಭೆ ಉಂಟಲ್ಲ, ಬರೆಯಲಿಕ್ಕೆ ಎಲ್ಲಿ ಪುರುಸೊತ್ತು?” ಎಂದರು.

ಮರುದಿನ ಸಭೆಯವರು ಬಂದು ಪುಸ್ತಕದಲ್ಲಿ ಬರೆದಂತೆಯೇ ಮಾತಾಡಿ ಹೋದರು. ಒಬ್ಬರು ಮಾತ್ರ ಬರೆಯದ ಒಂದು ವಾಕ್ಯ ಹೇಳಿದರು. ಮುಂದಿನ ವರ್ಷ ಅವರು ಸಮಿತಿಯಲ್ಲಿ ಇರಲಿಲ್ಲ.

ಸಭೆಯ ಕಾನೂನು ಕಲಿಯಲು ಪುಸ್ತಕ ಓದಬೇಡಿ, ಚಹಾ ತರುವುದನ್ನು ಕಲಿಯಿರಿ. ಚರ್ಚೆ ದಾರಿ ತಪ್ಪುತ್ತಿದೆ ಅನ್ನಿಸಿದಾಗ ನಮ್ಮ ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಿದ್ದರು. ಅದು ನನಗೆ ಸನ್ನೆ. ಬಾಗಿಲ ಹೊರಗೆ ಸಿದ್ಧವಾಗಿದ್ದ ಬಿಸಿ ಪಳಂಪೊರಿಯ ತಟ್ಟೆ ಹಿಡಿದು ಒಳಗೆ ನುಗ್ಗುತ್ತಿದ್ದೆ. ನೇಂದ್ರ ಬಾಳೆಹಣ್ಣಿನ ಆ ಕರಿದ ತುಂಡು ಬಾಯಲ್ಲಿರುವಾಗ ಯಾವ ಶೂರನೂ ಪಾಯಿಂಟ್ ಆಫ್ ಆರ್ಡರ್ ಎಂದು ನಿಯಮದ ತಕರಾರು ಎತ್ತಲಾರ. ಅವರು ನುಂಗಿ ಮುಗಿಸುವುದರೊಳಗೆ ಮೂರು ವಿಷಯಗಳು ಅಂಗೀಕಾರವಾಗಿರುತ್ತಿದ್ದವು. ಒಮ್ಮೆ ಒಬ್ಬ ಸದಸ್ಯರು ತಟ್ಟೆಯನ್ನು ದೂರ ತಳ್ಳಿ ಮಾತು ಮುಂದುವರಿಸಿದರು. ಅಧ್ಯಕ್ಷರು ಹೆದರಿ ಸಭೆಯನ್ನೇ ಮುಂದೂಡಿದರು.

ಕೋರಂ ಎಂಬುದು ಇನ್ನೊಂದು ಚೆಂದದ ಆಟ. ಸಭೆಗೆ ಇಷ್ಟು ಜನ ಇರಲೇಬೇಕು ಎಂದು ನಿಯಮ. ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಬೇಕು. ಅರ್ಧ ಗಂಟೆಯಾದ ಮೇಲೆ ಎಷ್ಟು ಜನ ಇದ್ದಾರೋ ಅಷ್ಟೇ ಸಾಕು, ಆ ಸಭೆಯ ತೀರ್ಮಾನವನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದ್ದರಿಂದ ತಂಗಚ್ಚನ್ ಸಾರ್ ಮುಖ್ಯವಾದ ವಿಷಯಗಳನ್ನೆಲ್ಲ ಜನ ಬಾರದ ದಿನಕ್ಕೇ ಇಡುತ್ತಿದ್ದರು. ಖಾಲಿ ಸಭಾಂಗಣದಲ್ಲಿ ಗಡಿಯಾರ ನೋಡುತ್ತ ಕುಳಿತು, ಮೂವತ್ತನೇ ನಿಮಿಷಕ್ಕೆ ಗಂಟೆ ಬಾರಿಸಿ, ನಾಲ್ಕು ಜನ ಸೇರಿ ನಾನೂರು ಜನರ ಹಣೆಬರಹ ಬರೆಯುತ್ತಿದ್ದೆವು.

ಇನ್ನು ಅನುಮೋದನೆಯ ವಿಷಯ. ಒಬ್ಬರು ಗೊತ್ತುವಳಿ ಮಂಡಿಸಿದರೆ ಸಾಲದು, ಇನ್ನೊಬ್ಬರು ಎದ್ದು ಅನುಮೋದಿಸುತ್ತೇನೆ ಎನ್ನಬೇಕು. ಆಗ ಮಾತ್ರ ಅದು ಚರ್ಚೆಗೆ ಬರುತ್ತದೆ. ಅನುಮೋದಿಸುವವರು ಇಲ್ಲದಿದ್ದರೆ ಅಲ್ಲೇ ಸತ್ತಿತು. ನಮ್ಮವರು ಮಂಡಿಸಲು ಎಲ್ಲರೂ ಶೂರರು, ಅನುಮೋದಿಸಲು ಎಲ್ಲರಿಗೂ ನಿದ್ದೆ. ನಾನು ಅಟೆಂಡರ್ ಆದರೂ ಸಂಘದ ಸದಸ್ಯ, ನನಗೂ ಒಂದು ಓಟು. ಒಮ್ಮೆ ಯಾರೂ ಏಳದಿದ್ದಾಗ ಅಧ್ಯಕ್ಷರು ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ನೋಡಿದರು. ನಾನು ಕೈ ಎತ್ತಿದೆ. ಅವತ್ತಿನಿಂದ ಅದೇ ರೂಢಿಯಾಯಿತು. ನಡವಳಿ ಪುಸ್ತಕದ ಪುಟಪುಟದಲ್ಲೂ “ಅನುಮೋದಿಸಿದವರು: ನಾರಾಯಣನ್”. ಮಲಯಾಳಿಗಳು ನನ್ನ ನಾರಾಯಣನಿಗೆ ಅವರದೇ ಬಾಲ ಅಂಟಿಸಿ ನಾರಾಯಣನ್ ಮಾಡಿದ್ದರು. ನನಗೂ ಅದು ದೊಡ್ಡ ಮನುಷ್ಯನ ಹೆಸರಿನ ಹಾಗೆ ಕೇಳುತ್ತಿತ್ತು.

ನಾನು ಅನುಮೋದಿಸಿದ್ದರಲ್ಲಿ ಒಂದು ಸಂತಾಪ ಸೂಚನೆಯೂ ಇತ್ತು. ಫೋರ್ಟ್ ಕೊಚ್ಚಿಯಲ್ಲಿದ್ದ ಒಬ್ಬ ನಿವೃತ್ತ ಸೂಪರಿಂಟೆಂಡೆಂಟರು ತೀರಿಕೊಂಡರೆಂದು ಯಾರೋ ಹೇಳಿದರು. ಎಲ್ಲರೂ ಎದ್ದು ಎರಡು ನಿಮಿಷ ತಲೆ ಬಾಗಿಸಿ ನಿಂತಿರುವಾಗ ಬಾಗಿಲು ತೆರೆದು ಅವರೇ ಒಳಗೆ ಬಂದರು. ಬಸ್ಸು ತಡವಾಯಿತಂತೆ. ತೀರಿಕೊಂಡದ್ದು ಅವರ ಭಾವ.

“ಯಾರಿಗೆ ಮೌನ?” ಎಂದು ಅವರು ನನ್ನ ಕಿವಿಯಲ್ಲಿ ಕೇಳಿದರು.

“ನಿಮಗೇ ಸಾರೇ. ಸ್ವಲ್ಪ ಮಾತಾಡಬೇಡಿ,” ಎಂದೆ.

ಅವರು ಗಲಾಟೆ ಮಾಡಿದರು. ಅಧ್ಯಕ್ಷರು ಬೈಲಾ ತಿರುವಿ ಹಾಕಿ, ಅಂಗೀಕಾರವಾದ ಗೊತ್ತುವಳಿಯನ್ನು ಅದೇ ಸಭೆಯಲ್ಲಿ ಮತ್ತೆ ತೆರೆಯಲು ಅವಕಾಶವಿಲ್ಲ, ಮುಂದಿನ ಸಭೆಗೆ ಲಿಖಿತ ನೋಟಿಸು ಕೊಡಿ ಎಂದು ತೀರ್ಪಿತ್ತರು. ಪಾಪ, ಅವರು ಮೂರು ತಿಂಗಳು ದಾಖಲೆಯ ಪ್ರಕಾರ ಸತ್ತವರಾಗಿಯೇ ಓಡಾಡಿದರು. ಅವತ್ತು ಎರಡು ಪಳಂಪೊರಿಯನ್ನೂ ತಿಂದರು. ಇದನ್ನು ಹೇಳಿ ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ಅದೇ ಕೈಯ ಮುಂದಿನ ಕಥೆಯನ್ನು ಯಾರಿಗೂ ಹೇಳಿರಲಿಲ್ಲ.

ಸುಮತಿ ನನಗಿಂತ ಆರು ವರ್ಷ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಕಟ್ಟಿಕೊಂಡು ಎರ್ನಾಕುಲಂಗೆ ಬಂದಳು. ನಮ್ಮ ಸಂಘವೇ ನಡೆಸುವ ಕ್ಯಾಂಟೀನಿನ ಅಡುಗೆಮನೆಗೆ ನಾನೇ ಹೇಳಿ ಸೇರಿಸಿದೆ. ಅಲ್ಲಿ ನಾಲ್ಕು ಹೆಂಗಸರು. ಅಡುಗೆಮನೆ ನಾಲ್ಕನೇ ಮಹಡಿಯ ತಾರಸಿಯಲ್ಲಿ, ಮೇಲೆ ತಗಡು, ಎದುರಿಗೆ ಮೂರು ಒಲೆ. ಕೆಳಗಿನ ಮೂರನೇ ಮಹಡಿಯಲ್ಲಿ ಹೆಂಗಸರ ಶೌಚಾಲಯ ಇತ್ತು, ಆದರೆ ಅದಕ್ಕೆ ಬೀಗ. ಬೀಗದ ಕೈ ಮಹಿಳಾ ಅಧಿಕಾರಿಗಳ ಬಳಿ ಮಾತ್ರ. ಕ್ಯಾಂಟೀನಿನವರು ನೆಲಮಹಡಿಗೆ ಇಳಿದು, ಸೈಕಲ್ ನಿಲ್ಲಿಸುವ ಚಪ್ಪರದ ಹಿಂದಿನ, ಗಂಡಸರೂ ಬಳಸುವ ಶೌಚಾಲಯಕ್ಕೆ ಹೋಗಬೇಕು. ಎಣ್ಣೆ ವಾಸನೆಯವರನ್ನು ಲಿಫ್ಟಿನವನು ಹತ್ತಿಸುವುದಿಲ್ಲ. ಆದ್ದರಿಂದ ಅವರು ಕಂಡುಕೊಂಡ ಉಪಾಯ, ಬೆಳಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಒಲೆಯ ಮುಂದೆ ನಿಲ್ಲುವುದು. ಸುಮತಿ ಎರಡು ಸಲ ಉರಿಮೂತ್ರದ ಜ್ವರದಲ್ಲಿ ಮಲಗಿದಳು.

ಎರಡನೇ ಸಲ ಎದ್ದು ಬಂದವಳೇ ಕೇಳಿದಳು, “ಅಣ್ಣ, ನಾವೂ ಮೆಂಬರ್ ಅಲ್ವಾ? ನಿಮ್ಮ ದೊಡ್ಡ ಮೀಟಿಂಗಿನಲ್ಲಿ ನಾನು ಒಂದು ವಿಷಯ ಎತ್ತಬಹುದಾ?”

“ಸುಮ್ಮನೆ ಎತ್ತಲಿಕ್ಕೆ ಆಗುದಿಲ್ಲ. ಹತ್ತು ದಿನ ಮೊದಲು ಬರೆದು ಕೊಡಬೇಕು. ಒಂದೇ ವಿಷಯ, ಅಳು ಇರಬಾರದು.”

ನಾನೇ ಹೇಳಿಕೊಟ್ಟು ಬರೆಸಿದೆ. ಮೂರನೇ ಮಹಡಿಯ ಮಹಿಳಾ ಶೌಚಾಲಯದ ಬೀಗದ ಕೈಯ ಒಂದು ಪ್ರತಿಯನ್ನು ಕ್ಯಾಂಟೀನಿನ ಸ್ತ್ರೀ ಸಿಬ್ಬಂದಿಗೆ ಕೊಡತಕ್ಕದ್ದು. ಅಷ್ಟೇ.

“ಅನುಮೋದಿಸಲಿಕ್ಕೆ ಒಬ್ಬರು ಬೇಕು ಅಂತಿದ್ದಿ. ಯಾರು?” ಎಂದಳು.

“ಎಂತ ಕೇಳ್ತಿ ಮಾರಾಯ್ತಿ? ಊರಿಗೆಲ್ಲ ಅನುಮೋದಿಸುವವನು ನಾನು.”

ವಾರ್ಷಿಕ ಮಹಾಸಭೆ ತಿರುವನಂತಪುರದಲ್ಲಿ, ಪ್ರಧಾನ ಕಚೇರಿಯ ಸಭಾಂಗಣದಲ್ಲಿ. ಮಿಕ್ಕ ಮೂವರು ಅಡುಗೆಗೆ ಉಳಿದು ಸುಮತಿಯೊಬ್ಬಳನ್ನು ಕಳಿಸಿದರು. ಬೆಳಗಿನ ರೈಲಿನಲ್ಲಿ ಅವಳು ನೋಟಿಸಿನ ಆ ಒಂದು ಸಾಲನ್ನು ಮಣಮಣ ಓದುತ್ತಲೇ ಇದ್ದಳು. ತಿರುವನಂತಪುರದ ಸ್ಟೇಷನ್ ಇರುವ ತಂಪಾನೂರಿನಲ್ಲಿ ಇಳಿದು ಕಾಪಿ ಕುಡಿದೆವು. “ಮೂತ್ರದ ವಿಷಯ ಅಷ್ಟು ಜನರೆದುರು ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಅಣ್ಣ,” ಎಂದಳು. “ನೀನು ಹೇಳುದು ಬೀಗದ ಕೈಯ ವಿಷಯ,” ಎಂದು ದೊಡ್ಡ ಪಂಡಿತನ ಹಾಗೆ ಧೈರ್ಯ ಹೇಳಿದೆ.

ಸಭಾಂಗಣದ ಮೊಗಸಾಲೆಯಲ್ಲಿ ತಂಗಚ್ಚನ್ ಸಾರ್ ನನ್ನ ಹೆಗಲ ಮೇಲೆ ಕೈ ಹಾಕಿದರು.

“ನಾರಾಯಣನ್, ಅದು ನಿನ್ನ ಪೆಂಙಳ್ ಅಲ್ಲವಾ?” ಎಂದರು. ಪೆಂಙಳ್ ಎಂದರೆ ಒಡಹುಟ್ಟಿದವಳು.

“ಹೌದು ಸಾರೇ.”

“ಒಳ್ಳೆಯ ಹೆಂಗಸು. ಆದರೆ ನಮ್ಮ ಲೇಡಿ ಆಫೀಸರುಗಳಿಗೆ ಬೇಸರ ಆಗಿದೆ. ನಾನು ನಿನಗೆ ಏನೂ ಹೇಳುತ್ತಿಲ್ಲ, ಹೌದಾ? ಏನೂ ಹೇಳಿಲ್ಲ.” ಆಮೇಲೆ ನಗುತ್ತ, “ಇವತ್ತಿನಿಂದ ನಿನಗೆ ಬಾಗಿಲ ಬಳಿ ನಿಲ್ಲುವ ಕೆಲಸ ಇಲ್ಲ. ವೇದಿಕೆಯ ಪಕ್ಕ ಕುರ್ಚಿ ಹಾಕಿಸಿದ್ದೇನೆ,” ಎಂದರು.

ಕುರ್ಚಿ ನೋಡಿದೆ. ಕೈ ಇಟ್ಟುಕೊಳ್ಳುವ ಕುರ್ಚಿ. ಹನ್ನೊಂದು ವರ್ಷ ನಿಂತ ಕಾಲಿಗೆ ಅದು ಏನೆಂದು ನಿಂತವರಿಗೇ ಗೊತ್ತು. ಕುಳಿತೆ.

ಆರನೇ ವಿಷಯವಾಗಿ ಸುಮತಿಯ ಸರದಿ ಬಂತು. ಹಿಂದಿನ ಸಾಲಿನಲ್ಲಿ ಎದ್ದು ನಿಂತಳು. ಇದ್ದುದರಲ್ಲಿ ಒಳ್ಳೆಯ ಸೀರೆಯನ್ನೇ ಉಟ್ಟಿದ್ದಳು, ಆದರೂ ಅದರ ಸೆರಗಿನಲ್ಲಿ ಒಂದು ಅರಿಸಿನದ ಕಲೆ ಉಳಿದಿತ್ತು. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ನನಗೆ ಕಂಡದ್ದು ಆ ಕಲೆ ಮಾತ್ರ. ತಂಗಚ್ಚನ್ ಸಾರ್‌ಗೆ ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಅರ್ಧ. ಇವಳು ನನ್ನ ತಂಗಿ ಎಂದು ಅಷ್ಟು ಜನ ತಿರುಗಿ ನೋಡಿದರೆ ಎಂಬ ನಾಚಿಕೆ ಇನ್ನರ್ಧ.

ಅವಳು ತನ್ನ ಮುರುಕು ಮಲಯಾಳದಲ್ಲಿ ಒಂದಕ್ಷರ ತಪ್ಪದೆ ಓದಿದಳು. ಯಾರೋ ಕಿಸಕ್ಕೆಂದರು.

“ಅನುಮೋದಿಸುವವರು?” ಎಂದರು ಅಧ್ಯಕ್ಷರು.

ಅವಳು ನನ್ನ ಕಡೆ ನೋಡಿದಳು. ನಾನು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

“ಅನುಮೋದಿಸುವವರು ಯಾರಾದರೂ?” ಎರಡನೇ ಸಲ. ಅವಳು ಇನ್ನೂ ನೋಡುತ್ತಿದ್ದಳು. ನಾನು ಕಾರ್ಯಸೂಚಿಯ ಹಾಳೆಯನ್ನು ಓದುತ್ತಿದ್ದೆ. ನಾನೇ ಹಂಚಿದ ಹಾಳೆ, ಓದಲು ಅದರಲ್ಲಿ ಏನಿತ್ತು?

“ಅನುಮೋದಕರಿಲ್ಲದ ಕಾರಣ ಗೊತ್ತುವಳಿ ಬಿದ್ದುಹೋಗಿದೆ. ಮುಂದಿನ ವಿಷಯ, ವಂದನಾರ್ಪಣೆ.”

ವಂದನಾರ್ಪಣೆಯನ್ನು ಅನುಮೋದಿಸಿದವನು ನಾನೇ.

ವಾಪಸು ರೈಲಿನಲ್ಲಿ ಕೊಲ್ಲಂ ದಾಟುವವರೆಗೆ ಅವಳು ನೋಟಿಸಿನ ಹಾಳೆಯನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, “ಅಣ್ಣ, ನಿನಗೆ ಇವತ್ತು ಕೈಬೇನೆ ಇತ್ತಾ?” ಅದರಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಇದ್ದಿರಬಹುದು ಎಂಬ ಆಸೆಯಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಬರೀ ಹೇಡಿ. ಮುಗಿಯಲಿಲ್ಲ, ಏಕೆಂದರೆ ಆ ವರ್ಷ ಸಂಘಕ್ಕೆ ಕಂಪ್ಯೂಟರ್ ಬಂದಿತ್ತು. ಕೈಬರಹದ ನಡವಳಿ ಹೋಗಿ, ಟೈಪಿಸ್ಟ್ ಶೈಲಜಾ ಮೇಡಂ ಒಂದು ನಮೂನೆ ಮಾಡಿ ಇಟ್ಟುಕೊಂಡಿದ್ದರು. ವಿಷಯವನ್ನೂ ಮಂಡಿಸಿದವರ ಹೆಸರನ್ನೂ ತುಂಬಿದರೆ ಸಾಕು. ಮಿಕ್ಕ ಸಾಲುಗಳು ಎಂದೂ ಬದಲಾಗದವು, ಆದ್ದರಿಂದ ಮೊದಲೇ ಹೊಡೆದಿಟ್ಟಿದ್ದರು: “ಅನುಮೋದಿಸಿದವರು: ನಾರಾಯಣನ್. ಸರ್ವಾನುಮತದಿಂದ ಅಂಗೀಕರಿಸಲಾಯಿತು.” ಸುಮತಿಯ ಗೊತ್ತುವಳಿಯೂ ಅದೇ ನಮೂನೆಯಲ್ಲಿ ಕುಳಿತುಬಿಟ್ಟಿತು. ಸೆಕ್ರೆಟರಿ ಓದದೆ ಸಹಿ ಹಾಕಿದರು, ಅಧ್ಯಕ್ಷರು ಸೆಕ್ರೆಟರಿಯ ಸಹಿ ನೋಡಿ ಸಹಿ ಹಾಕಿದರು. ಅದರ ಒಂದು ಪ್ರತಿ ನಮ್ಮ ಕಚೇರಿಗೆ ಹೋಯಿತು. ಕಟ್ಟಡ ನೋಡಿಕೊಳ್ಳುವವರು ಸಹಿ, ಸೀಲು ನೋಡಿ, ಹೊಸ ಬೀಗದ ಕೈ ಮಾಡಿಸಿ ಕ್ಯಾಂಟೀನಿಗೆ ಕಳಿಸಿಕೊಟ್ಟರು. ಬದುಕಿದ್ದವನನ್ನು ಸಾಯಿಸಿದ ನಡವಳಿಯೇ ಸತ್ತ ಗೊತ್ತುವಳಿಯನ್ನು ಬದುಕಿಸಿತು.

ಅವತ್ತು ಮಧ್ಯಾಹ್ನ ಸುಮತಿ ನಾಲ್ಕು ಮಹಡಿ ಇಳಿದು ಬಂದಳು. ಬಾಳೆಲೆಯಲ್ಲಿ ಸುತ್ತಿದ ಬಿಸಿ ಪಳಂಪೊರಿ ನನ್ನ ಮೇಜಿನ ಮೇಲಿಟ್ಟಳು.

“ನೀನು ಒಳಗಿಂದೊಳಗೆ ಮಾಡಿಸಿದ್ದು ಅಲ್ವಾ? ಅಲ್ಲಿ ಎಲ್ಲರೆದುರು ಬೇಡ ಅಂತ ಸುಮ್ಮನೆ ಕೂತದ್ದು. ನನಗೆ ಗೊತ್ತಾಗ್ಲಿಲ್ಲ ನೋಡು. ರೈಲಿನಲ್ಲಿ ಹಾಗೆ ಕೇಳಬಾರದಿತ್ತು ಅಣ್ಣ.”

ನಾನು ಅಲ್ಲ ಎನ್ನಲಿಲ್ಲ. ತಿಂದೆ. ಚೆನ್ನಾಗಿತ್ತು.

ಸುಮಾರು ಮೂರು ತಿಂಗಳು ಆ ನಾಲ್ಕು ಹೆಂಗಸರು ಬಾಯಾರಿದಾಗ ನೀರು ಕುಡಿದರು. ಒಲೆಯ ಪಕ್ಕದಲ್ಲಿ ಮೊದಲ ಬಾರಿಗೆ ಒಂದು ಮಣ್ಣಿನ ಹೂಜಿ ಬಂತು. ಬೀಗದ ಕೈಗೆ ಸುಮತಿ ಕೆಂಪು ದಾರ ಕಟ್ಟಿ ಅದರ ಪಕ್ಕದ ಮೊಳೆಗೆ ನೇತುಹಾಕಿದ್ದಳು.

ಮುಂದಿನ ಸಾಮಾನ್ಯ ಸಭೆ ಎರ್ನಾಕುಲಂನಲ್ಲಿ, ನಮ್ಮ ಕಚೇರಿಯಲ್ಲೇ. ಹಿಂದಿನ ನಡವಳಿಯನ್ನು ಓದಿ ಸ್ಥಿರೀಕರಿಸುವುದು ಮೊದಲ ವಿಷಯ. ಅಷ್ಟರಲ್ಲಿ ಮಹಿಳಾ ಅಧಿಕಾರಿಗಳ ದೂರು ಹೋಗಿ ತಂಗಚ್ಚನ್ ಸಾರ್‌ಗೆ ತಪ್ಪು ಗೊತ್ತಾಗಿತ್ತು. ಆದರೆ ಓದದೆ ಸಹಿ ಹಾಕಿದೆ ಎಂದು ಅವರು ಹೇಳುವಂತಿಲ್ಲ, ಅಧ್ಯಕ್ಷರೂ ಹೇಳುವಂತಿಲ್ಲ.

“ಅನುಮೋದಿಸಿದವನೇ ಎದ್ದು ನಾನು ಅನುಮೋದಿಸಿಲ್ಲ ಅಂದರೆ ಮುಗಿಯಿತು,” ಎಂದು ತಂಗಚ್ಚನ್ ಸಾರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. “ನಿಜ ಹೇಳಲು ಯಾಕೆ ಹೆದರಿಕೆ ನಾರಾಯಣನ್? ಮಿನಿಟ್ಸ್ ಅಂದರೆ ಸತ್ಯ.”

ಸಭೆಗೆ ಮುಂಚೆಯೇ ನಡವಳಿ ಬರೆಯುವ ಮನುಷ್ಯ ನನಗೆ ಸತ್ಯದ ಪಾಠ ಹೇಳಿದ. ನಾನು ಒಪ್ಪಿದೆ. ಎರ್ನಾಕುಲಂನಲ್ಲೂ ವೇದಿಕೆಯ ಪಕ್ಕ ನನಗೆ ಅಂಥದೇ ಕುರ್ಚಿ ಹಾಕಿಸಿದ್ದರು, ಅದು ಇನ್ನೂ ನನ್ನ ಕೆಳಗೇ ಇತ್ತು.

ನಡವಳಿ ಓದಿದರು. “ತಿದ್ದುಪಡಿ ಏನಾದರೂ?” ಎಂದರು ಅಧ್ಯಕ್ಷರು. ನಾನು ಎದ್ದೆ. ಬಲಗೈ ಎತ್ತಿದೆ. ಈ ಸಲ ಅದಕ್ಕೆ ಬೇನೆ ಇರಲಿಲ್ಲ.

“ಆರನೇ ವಿಷಯವನ್ನು ನಾನು ಅನುಮೋದಿಸಿಲ್ಲ,” ಎಂದೆ.

ಆ ಸಭಾಂಗಣದಲ್ಲಿ ಅಷ್ಟು ವರ್ಷಗಳಲ್ಲಿ ನಾನು ಹೇಳಿದ ಒಂದೇ ಒಂದು ನಿಜ ಅದು. ಹೇಳಿ ಕುಳಿತು ಬಾಗಿಲ ಕಡೆ ನೋಡಿದರೆ, ನಾನು ಮೊದಲು ನಿಲ್ಲುತ್ತಿದ್ದ ಜಾಗದಲ್ಲಿ ಚಹಾದ ತಟ್ಟೆ ಹಿಡಿದು ಸುಮತಿ ನಿಂತಿದ್ದಳು. ಅಧ್ಯಕ್ಷರು ಕನ್ನಡಕ ಒರೆಸುತ್ತಿದ್ದರು. ಅವಳು ಒಳಗೆ ಬಂದು ಸಾಲಾಗಿ ಎಲ್ಲರಿಗೂ ಚಹಾ ಕೊಟ್ಟಳು. ನನಗೂ ಕೊಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ.

ಬೀಗದ ಕೈ ವಾಪಸು ತರಲು ಯಾರನ್ನು ಕಳಿಸಿದರು ಎಂದು ಕೇಳಬೇಡಿ. ಅಟೆಂಡರನ್ನೇ ಕಳಿಸುವುದು. ನಾಲ್ಕನೇ ಮಹಡಿ ಹತ್ತಿದೆ. ಅವಳು ಮೊಳೆಯಿಂದ ತೆಗೆದು, ಕೆಂಪು ದಾರವನ್ನು ಬಿಚ್ಚಿ ತಾನಿಟ್ಟುಕೊಂಡು, ಬರೀ ಬೀಗದ ಕೈಯನ್ನು ನನಗೆ ಕೊಟ್ಟಳು.

“ಇದಾ ಸಾರೇ, ತಾಕ್ಕೋಲ್,” ಎಂದಳು. ತಗೊಳ್ಳಿ ಸಾರ್, ಬೀಗದ ಕೈ. ಮಲಯಾಳದಲ್ಲಿ.

ನಮ್ಮ ಅಮ್ಮನ ಹೊಟ್ಟೆಯಿಂದ ಬಂದವಳು ಅವತ್ತಿನಿಂದ ನನ್ನೊಡನೆ ಮಲಯಾಳದಲ್ಲೇ ಮಾತಾಡಿದಳು. ಊರಿಗೆ ಹೋದಾಗಲೂ, ಅಮ್ಮನ ತಿಥಿಯ ದಿನವೂ. ಬೇರೆಯವರೊಂದಿಗೆಲ್ಲ ಕನ್ನಡ, ನನ್ನ ಕಡೆ ತಿರುಗಿದರೆ ಸಾರೇ. ಆ ವರ್ಷವೇ ಕೇಳಿಕೊಂಡು ತಿರುವನಂತಪುರದ ಕ್ಯಾಂಟೀನಿಗೆ ವರ್ಗ ಮಾಡಿಸಿಕೊಂಡಳು. ಅಲ್ಲಿ ಅಡುಗೆಮನೆಯ ಪಕ್ಕದಲ್ಲೇ ಶೌಚಾಲಯ ಇತ್ತು, ಬೀಗ ಇರಲಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ. ನಾನು ಇನ್ನೂ ಬಹಳ ಅನುಮೋದಿಸಿದೆ. ಕೊನೆಯ ವರ್ಷಗಳಲ್ಲಿ ಸಭೆ ಮೊಬೈಲಿನೊಳಗೆ ಹೋಯಿತು. ಕೈ ಎತ್ತಬೇಕಿಲ್ಲ, ಹಳದಿ ಕೈಯ ಚಿತ್ರ ಒತ್ತಿದರೆ ಸಾಕು. ಒಬ್ಬ ಸದಸ್ಯರ ಮನೆಯ ಕುಕ್ಕರ್ ಕೂಗಿದ್ದನ್ನು ಅಧ್ಯಕ್ಷರು ಒಪ್ಪಿಗೆ ಎಂದು ಎಣಿಸಿದರು, ಯಾರೂ ಆಕ್ಷೇಪಿಸಲಿಲ್ಲ. ತಂಗಚ್ಚನ್ ಸಾರ್ ನಿವೃತ್ತರಾದಾಗ ಅವರ ಸತ್ಯಸಂಧತೆಯನ್ನು ಕೊಂಡಾಡುವ ಗೊತ್ತುವಳಿ ಬಂತು. ಅದನ್ನು ಅನುಮೋದಿಸಿದವರು ಯಾರೆಂದು ನಿಮಗೆ ಗೊತ್ತು. ನಾನು ನಿವೃತ್ತನಾದಾಗ ಆ ಕುರ್ಚಿಯನ್ನು ಇನ್ನೊಬ್ಬನಿಗೆ ಕೊಟ್ಟರು. ಅದರ ಒಂದು ಕಾಲು ಮೊದಲಿನಿಂದಲೂ ಸ್ವಲ್ಪ ಗಿಡ್ಡ.

ಕಳೆದ ತಿಂಗಳು ತಂಪಾನೂರಿನಲ್ಲಿ ಇಳಿದು ಸುಮತಿಯ ಮನೆಗೆ ಹೋದೆ. ಅವಳೂ ಈಗ ನಿವೃತ್ತಳು, ಮಗಳ ಜೊತೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇದ್ದಾಳೆ. ಬಾಗಿಲಲ್ಲಿ ನಿಂತೇ ಹೇಳಿದೆ, “ಸುಮತಿ, ಆ ಹಳೆಯ ವಿಷಯ ಒಂದು ಮಾತಾಡ್ಲಿಕ್ಕುಂಟು.”

“ಕೋರಂ ಇಲ್ಲ ಸಾರೇ,” ಎಂದು ಒಳಗೆ ಹೋದಳು.

ನನಗೆ ಬರುವುದು ಒಂದೇ ವಿದ್ಯೆ. ಮೆಟ್ಟಿಲ ಮೇಲೆ ಕುಳಿತು ವಾಚು ನೋಡಿಕೊಂಡೆ. ಮಗಳು ಬಂದು, “ಮಾಮಾ, ಅಗತ್ತು ಇರಿಕ್ಕೂ,” ಎಂದು ಒಳಗೆ ಕೂರಲು ಕರೆದಳು. ಬೇಡ, ಅರ್ಧ ಗಂಟೆ ಆಗಲಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಒಳಗಿದ್ದವಳಿಗೆ ಆಯಿತು. ಮೂವತ್ತನೇ ನಿಮಿಷಕ್ಕೆ ಎರಡು ಲೋಟ ಚಹಾ ಹಿಡಿದು ಬಂದು ಮೇಲಿನ ಮೆಟ್ಟಿಲಲ್ಲಿ ಕುಳಿತಳು.

“ಎಂತ ವಿಷಯ?” ಎಂದಳು. ಕನ್ನಡದಲ್ಲಿ.

“ಆ ಎರಡು ಸಭೆಯದೂ ತಪ್ಪು ನನ್ನದು. ಮೊದಲನೆಯದರಲ್ಲಿ ಕೈ ಎತ್ತಬೇಕಿತ್ತು, ಎರಡನೆಯದರಲ್ಲಿ ಎತ್ತಬಾರದಿತ್ತು,” ಎಂದೆ.

ಅವಳು ಚಹಾ ಮುಗಿಸಿದಳು. ಆಮೇಲೆ ನನ್ನ ಲೋಟವನ್ನೂ ಎತ್ತಿಕೊಂಡು ಎದ್ದಳು.

“ಬಾಯಿಮಾತಿನದ್ದು ನಾನು ತೆಗೊಳ್ಳುದಿಲ್ಲ. ಬರೆದು ಕೊಡು. ಅಳು ಇರಬಾರದು.”

ಬರೆದಿದ್ದೇನೆ. ಹೊಸಬರು ಇದರಿಂದ ಏನು ಕಲಿಯುತ್ತಾರೋ ನನಗೆ ಗೊತ್ತಿಲ್ಲ. ಇದನ್ನು ಕೇಳಿದವರಿಗೆ ಕೊಡುವ ಮೊದಲು ಒಂದು ಪ್ರತಿಯನ್ನು ತಂಪಾನೂರಿನ ಆ ಮನೆಗೆ ಅಂಚೆಗೆ ಹಾಕುತ್ತಿದ್ದೇನೆ, ಮುಂದಿನ ಸಲ ನಾನು ಅಲ್ಲಿಗೆ ಹೋಗುವುದಕ್ಕೆ ಸರಿಯಾಗಿ ಹತ್ತು ದಿನ ಮೊದಲು.